ಟಿಕೆಟ್ ಪುಕ್ಕಟೆ ಸರಿ, ಬಸ್ಸು ಎಷ್ಟು ಹೊತ್ತಿಗೆ?

ಕಾರವಾರದ ನಿಮ್ಮ ಮೀನುಗಾರರ ಕೇರಿಗೆ ಹೊಸ ಬಸ್ ಬಿಟ್ಟರೆ ಹೆಂಗಸರ ದಿನಚರಿ ಬದಲಾಗ್ತದಾ ಎಂದು ಕೇಳಿದ್ದೀರಿ. ಖಂಡಿತ ಆಗ್ತದೆ, ಆದರೆ ಹೊತ್ತು ಸರಿಯಿದ್ದರೆ ಮಾತ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಉಚಿತ. ಬಸ್ಸೇ ಬಾರದ ಕೇರಿಗೆ ಆ ಸವಲತ್ತು ಮುಟ್ಟುವುದೇ ಇಲ್ಲ. ಮೀನು ಮಾರಿದ ದುಡ್ಡು ರಿಕ್ಷಾಕ್ಕೇ ಹೋಗ್ತದೆ. ಬೈತಖೋಲ ಬಂದರಿನಲ್ಲಿ ಮೀನು ಕೊಳ್ಳುವ ಹೊತ್ತಿಗೆ ಬಸ್ ಬೇಕು, ಬುಟ್ಟಿ ಇಡಲು ಜಾಗ ಬೇಕು. ಒಂಬತ್ತಕ್ಕೆ ಬರುವ ಬಸ್ಸು ಆಫೀಸಿನವರಿಗಾಯಿತು. ಗೋವಾಕ್ಕೆ ದುಡಿಯಲು ಹೋಗುವವರಿಗೆ ಇನ್ನೊಂದು ತೊಡಕು: ಅಂತರರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ.

ಕೊಲಂಬಿಯಾದ ಮೆಡೆಲಿನ್‌ನಲ್ಲಿ 2004ರಲ್ಲಿ ಗುಡ್ಡದ ಬಡ ಕೇರಿಗಳಿಗೆ ರೋಪ್‌ವೇ ಹಾಕಿ ನೇರ ಮೆಟ್ರೋಗೇ ಜೋಡಿಸಿದರು. ನಿಮ್ಮ ಬಸ್ಸೂ ಮುಂದಿನ ಬಸ್ಸಿಗೆ ಹೊಂದಿಕೊಳ್ಳಬೇಕು. ಡಿಪೋಗೆ ಮನವಿ ಕೊಡುವ ಮೊದಲು ಬುಟ್ಟಿ ಹೊರುವ ಅಕ್ಕಂದಿರನ್ನೇ ಕೇಳಿ ಸಮಯ ಬರೆಯಿರಿ.