ದರ, ಏರಿಳಿತಗಳ ವಾದದಲ್ಲಿ ತಪ್ಪು ತರ್ಕವನ್ನು ಹಿಡಿಯುವುದು ಹೇಗೆ?

'ಎರಡು ಪಟ್ಟಾಯಿತು', 'ಶೇ 100 ಹೆಚ್ಚಿತು' ಎಂದು ಯಾರಾದರೂ ಹೇಳಿದ ಕೂಡಲೇ ಕೇಳಬೇಕಾದ್ದು: ಎಷ್ಟರಿಂದ ಎಷ್ಟಕ್ಕೆ? 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಬಿತ್ತು. ಮಾತು ಸುಳ್ಳಲ್ಲ. ಆದರೆ ಅಪಾಯ ಏರಿದ್ದು ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಂದ ಇಬ್ಬರಿಗೆ, ಅಷ್ಟೇ. ಹೆದರಿ ಎಷ್ಟೋ ಮಂದಿ ಮಾತ್ರೆ ಬಿಟ್ಟರು. ಮರುವರ್ಷ ಗರ್ಭಪಾತಗಳು ಹೆಚ್ಚಿದವು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಹೆಚ್ಚು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

'ಹಣದುಬ್ಬರ ಇಳಿದಿದೆ ಅಂತಾರೆ, ಬೆಲೆ ಎಲ್ಲಿ ಇಳಿದಿದೆ? ಲೆಕ್ಕವೇ ಸುಳ್ಳು' ಎನ್ನುವುದು ಇನ್ನೊಂದು ವಾದ. ಹಣದುಬ್ಬರದ ದರ ಹೇಳುವುದು ಬೆಲೆಯನ್ನಲ್ಲ, ಬೆಲೆ ಏರುವ ವೇಗವನ್ನು. 100 ಇದ್ದದ್ದು ಒಂದು ವರ್ಷ ಶೇ 8 ಏರಿದರೆ 108, ಮರುವರ್ಷ ಶೇ 4 ಏರಿದರೆ 112.32. ದರ ಅರ್ಧಕ್ಕಿಳಿಯಿತು, ಬೆಲೆ ಮಾತ್ರ ಮೇಲೆಯೇ ಹೋಯಿತು. ಜನರ ದೂರೂ ನಿಜ, ಅಂಕಿಯೂ ನಿಜ.

ಲೆಕ್ಕ ಎಲ್ಲಿಂದ ಶುರುವಾಗಿದೆ ಎಂಬುದನ್ನೂ ನೋಡಿ. ಶುರುವಿನ ವರ್ಷವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೆ ಚಿತ್ರವೇ ಬದಲಾಗುತ್ತದೆಯೇ? '1998ರಿಂದ ಭೂಮಿ ಬಿಸಿಯಾಗುವುದು ನಿಂತಿದೆ' ಎಂದು ಹಲವರು ಬಹಳ ಕಾಲ ವಾದಿಸಿದರು. 1998 ಪ್ರಬಲ ಎಲ್ ನಿನೋದಿಂದ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಅಸಹಜವಾಗಿ ಬಿಸಿಯಾಗಿದ್ದ ವರ್ಷ. 1996ರಿಂದಲೋ 1999ರಿಂದಲೋ ಗೆರೆ ಎಳೆದಿದ್ದರೆ ಅದೇ ಅಂಕಿಗಳಲ್ಲಿ ಏರಿಕೆ ಕಾಣುತ್ತಿತ್ತು.