ದಪ್ಪ ಟೈರ್ ಹಾಕಿಸಿದೆ, ಮೈಲೇಜ್ ಬಿತ್ತು!

ಪ್ರಶ್ನೆ: ಸರ್, ನನ್ನ ಕಾರಿಗೆ ಕಂಪನಿಯಿಂದ ಬಂದದ್ದು 185/65 ಆರ್15 ಟೈರ್. ಪೂರ್ತಿ ಸವೆದಿದ್ದವು. ಹೋದ ತಿಂಗಳು ಅಂಗಡಿಯವರು ‘ದಪ್ಪ ಟೈರ್ ಇದ್ರ ಗಾಡಿ ಚಲೋ ಕುಂದರ್ತೈತ್ರಿ’ ಅಂದ್ರು, 205/65 ಆರ್15 ಹಾಕಿಸಿದೆ. ಮೊದಲು ಸೊಲ್ಲಾಪುರ ರಸ್ತೆಯಲ್ಲಿ ಮೀಟರ್ 80 ಅಂದಾಗ ಮೊಬೈಲ್ ಜಿಪಿಎಸ್ 75 ಅನ್ನುತ್ತಿತ್ತು, ಈಗ ಹತ್ತಿರ ಹತ್ತಿರ 80. ಆದರೆ ಮೈಲೇಜ್ 18ರಿಂದ 17ಕ್ಕೆ ಇಳಿದಿದೆ. ಮೀಟರ್ ಮೊದಲು ಕೆಟ್ಟಿತ್ತೋ, ಈಗ ಕೆಟ್ಟಿದೆಯೋ? ಗಾಳಿ ಹೆಚ್ಚುಕಡಿಮೆ ಆದರೂ ಹೀಗಾಗುತ್ತಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಮೀಟರ್ ಆಗಲೂ ಕೆಟ್ಟಿರಲಿಲ್ಲ, ಈಗಲೂ ಕೆಟ್ಟಿಲ್ಲ. ಅದಕ್ಕೆ ರಸ್ತೆ ಕಾಣುವುದಿಲ್ಲ ನೋಡಿ, ಗಾಲಿ ಎಷ್ಟು ಸುತ್ತು ಹಾಕಿತು ಅನ್ನೋದಷ್ಟೇ ಗೊತ್ತು. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಹೇಳಿಕೊಟ್ಟಿದ್ದನ್ನೇ ಹಿಡಿದು ಲೆಕ್ಕ ಹಾಕುತ್ತೆ.

ಟೈರ್ ಮೇಲಿನ 185 ಅಂದರೆ ಮಿ.ಮೀ.ನಲ್ಲಿ ಅಗಲ, ಆರ್ ಅಂದರೆ ರೇಡಿಯಲ್, 15 ಅಂದರೆ ಇಂಚಿನಲ್ಲಿ ರಿಮ್‌ನ ವ್ಯಾಸ. ನಡುವಿನ 65 ಅಂದರೆ ರಿಮ್‌ನಿಂದಾಚೆ ಟೈರ್‌ನ ಎತ್ತರ, ಅಗಲದ ನೂರಕ್ಕೆ 65ರಷ್ಟು. ಎಲ್ಲರೂ ಎಡವೋದು ಇಲ್ಲೇ. ಅಗಲ 185ರಿಂದ 205 ಮಾಡಿ 65 ಹಾಗೇ ಬಿಟ್ಟರೆ ಟೈರ್ ದಪ್ಪ ಆಗೋದಷ್ಟೇ ಅಲ್ಲ, ಎತ್ತರವೂ ಆಗುತ್ತೆ. ನಿಮ್ಮ ಹಳೆ ಗಾಲಿಯ ವ್ಯಾಸ ಹೊಸದಿದ್ದಾಗ 621.5 ಮಿ.ಮೀ., ಈಗಿನದು 647.5. ಶೇ 4ರಷ್ಟು ಜಾಸ್ತಿ. ಅದರ ಜೊತೆ ಹಳೆ ಟೈರ್ ಸವೆದಿತ್ತು ಅಂದಿರಲ್ಲ. ಹೊಸ ಟೈರ್‌ನಲ್ಲಿ ಸುಮಾರು 8 ಮಿ.ಮೀ. ಆಳ ಇರುವ ಗೀರು ಸವೆದು 1.6ಕ್ಕೆ ಬಂದರೆ ಗಾಲಿ ಶೇ 2ರಷ್ಟು ಚಿಕ್ಕದಾಗಿರುತ್ತೆ. ಒಟ್ಟು 6. ನಿಮ್ಮ 75 ಈಗ 80ರ ಹತ್ತಿರ ಬಂದದ್ದು ಹೀಗೆ.

ಮೈಲೇಜೂ ಇದೇ ಲೆಕ್ಕ. ಮೊದಲು 100 ಕಿ.ಮೀ. ತೋರಿಸುತ್ತಿದ್ದ ದಾರಿಯನ್ನೇ ಈಗ ಮೀಟರ್ 94 ಅನ್ನುತ್ತೆ. ಅದೇ ಐದೂವರೆ ಲೀಟರ್ ಸುಟ್ಟರೂ 18 ಹೋಗಿ 17 ಆಗುತ್ತೆ. ಸುಮ್ನೆ ಪೆಟ್ರೋಲ್ ಬಂಕ್‌ನವರನ್ನು ಬೈಯಬೇಡಿ! (ಅಗಲ ಟೈರ್ ಸ್ವಲ್ಪ ಎಣ್ಣೆ ಕುಡಿಯಬಹುದು, ಆದರೆ ನಿಮ್ಮ ಒಂದು ಕಿ.ಮೀ. ಹೋಗಿದ್ದು ಬಹುಪಾಲು ಮೀಟರ್‌ನಲ್ಲೇ.)

‘ಹಾಗಾದ್ರೆ ಈಗ ಕರೆಕ್ಟ್ ಆಯ್ತಲ್ವಾ’ ಅಂತೀರಿ. ನನಗೆ ಅದೇ ಇಷ್ಟ ಆಗಲಿಲ್ಲ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಸ್ವಲ್ಪ ಜಾಸ್ತಿ ತೋರಿಸಿದರೆ ಪರವಾಗಿಲ್ಲ ಅನ್ನೋದು ವಿಶ್ವಸಂಸ್ಥೆಯ ವಾಹನ ನಿಯಮ. ಅದಕ್ಕೇ ಕಂಪನಿಯವರು ಬೇಕಂತಲೇ ಒಂದಿಷ್ಟು ಏರಿಸಿಟ್ಟಿರುತ್ತಾರೆ. ನೀವು ಅದನ್ನೆಲ್ಲ ತಿಂದು ಮುಗಿಸಿದ್ದೀರಿ. ಅಗಲ ಬೇಕೇ ಬೇಕಿದ್ದರೆ 195/60 ಆರ್15 ಕೇಳಬೇಕಿತ್ತು, ಅದು 615 ಮಿ.ಮೀ., ಹಳೆಯದಕ್ಕೆ ಶೇ 1ರಷ್ಟೇ ಫರಕು. ಈಗ ಹಾಕಿಸಿದ್ದಾಗಿದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಟೈರ್ ಎಲ್ಲಾದರೂ ಉಜ್ಜುತ್ತಾ ಅಂತ ಮಾತ್ರ ನೋಡಿ.

ಇನ್ನು ಗಾಳಿ. ಗಾಳಿ ಇಳಿದರೆ ಗಾಲಿ ಚಿಕ್ಕದಾಗಿ ಮೀಟರ್ ಜಾಸ್ತಿ ತೋರಿಸುತ್ತೆ ಅನ್ನೋದು ನಿಜ, ಆದರೆ ಬಹಳ ಕಡಿಮೆ. ರೇಡಿಯಲ್ ಟೈರ್ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತೆ, ಎತ್ತಿನ ಗಾಡಿ ಗಾಲಿಗೆ ಬಡಿದ ಕಬ್ಬಿಣದ ಪಟ್ಟಿ ಇದ್ದ ಹಾಗೆ. ಕೆಳಗೆ ಎಷ್ಟು ಅದುಮಿದರೂ ಆ ಪಟ್ಟಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ. ಗಾಳಿ ಎಂಟು ಹತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿದರೂ ಮುಳ್ಳು ಕದಲಿದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲವು ಕಾರುಗಳು ಟೈರ್ ಒಳಗೆ ಸೆನ್ಸರ್ ಇಲ್ಲದೆಯೂ ಗಾಳಿ ಕಡಿಮೆ ಅಂತ ದೀಪ ಹಚ್ಚುತ್ತವಲ್ಲ, ಅವು ಇದೇ ಚೂರು ಫರಕನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ನಿಂದ ಸುತ್ತು ಎಣಿಸಿ ಹಿಡಿಯುವುದು.

ಆದ್ದರಿಂದ ಮೀಟರ್ ನೋಡಿ ಗಾಳಿ ಅಳೆಯಬೇಡಿ, ಗೇಜ್ ಹಚ್ಚಿಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹೋಗಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಓಡಿಸಿಕೊಂಡು ಹೋದರೆ ಗೇಜ್ ಮೂರ್ನಾಲ್ಕು ಜಾಸ್ತಿ ತೋರಿಸುತ್ತೆ, ಪಂಕ್ಚರ್ ಅಂಗಡಿ ಹುಡುಗ ‘ಜಾಸ್ತಿ ಆಗೇತಿ’ ಅಂತ ಗಾಳಿ ತೆಗೆದುಬಿಡ್ತಾನೆ. ಎಷ್ಟು ಹಾಕಿಸಬೇಕು ಅನ್ನೋದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿದೆ. ಟೈರ್ ಮೇಲೆ ಬರೆದಿರುವ ದೊಡ್ಡ ಪಿಎಸ್‌ಐ ನಂಬರ್ ಹೇಳಬೇಡಿ, ಅದು ಟೈರ್ ತಡೆಯುವ ಮಿತಿ.