ಮೂಳೆ ಕೂಡಿದ ಮೇಲೂ ಕೈ ಏಕೆ ಉರಿಯುತ್ತದೆ?

ತಾಯಿಯವರ ಮಣಿಕಟ್ಟಿನ ಪ್ಲಾಸ್ಟರ್ ತೆಗೆದು ಎರಡು ತಿಂಗಳಾಗಿದೆ, ಮೂಳೆ ಕೂಡಿದೆಯೆಂದು ಎಕ್ಸ್‌ರೇ ಹೇಳುತ್ತಿದೆ, ಆದರೂ ಕೈ ಬೆಂಕಿ ಬಿದ್ದಂತೆ ಉರಿಯುತ್ತದೆ, ಬಟ್ಟೆ ಸೋಕಿದರೂ ಚೀರುತ್ತಾರೆ, ಇದು ಮನಸ್ಸಿನ ಭ್ರಮೆಯೇ ಎಂದು ಕೇಳಿದ್ದೀರಿ. ಖಂಡಿತ ಭ್ರಮೆಯಲ್ಲ. ನಾನು ವೈದ್ಯಳಲ್ಲ, ಆದರೆ ನಾಲ್ಕು ವರ್ಷಗಳ ಹಿಂದೆ ಹಿತ್ತಿಲಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡು, ಆಮೇಲೆ ಒಂದೂವರೆ ವರ್ಷ ಇದೇ ಉರಿಯನ್ನು ಉಂಡವಳು. ನೀವು ಬರೆದಿರುವುದು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ (ಗಾಯ ಮಾಗಿದ ಮೇಲೂ ಕೈಯಲ್ಲೋ ಕಾಲಲ್ಲೋ ಉಳಿದುಬಿಡುವ ತೀವ್ರ ನೋವಿನ ಕಾಯಿಲೆ), ಅಂದರೆ ಸಿಆರ್‌ಪಿಎಸ್ ಇರಬಹುದೆಂಬ ಅನುಮಾನ ಹುಟ್ಟಿಸುತ್ತದೆ.

ಈ ಹೆಸರು ಬಂದದ್ದು 1994ರಲ್ಲಾದರೂ ಕಾಯಿಲೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರನ್ನು ನೋಡಿಕೊಂಡ ವೈದ್ಯ ಸೈಲಾಸ್ ವಿಯರ್ ಮಿಚೆಲ್, ಗಾಯ ಮಾಗಿದ ಮೇಲೂ ಅವರು ಉರಿ ತಾಳಲಾರದೆ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದುದನ್ನು ದಾಖಲಿಸಿದ್ದಾರೆ. ಅದನ್ನು ಓದಿದ ದಿನ ನಾನು ಅತ್ತುಬಿಟ್ಟೆ, ಏಕೆಂದರೆ ನಾನೂ ಒದ್ದೆ ಟವೆಲ್ ಸುತ್ತಿಕೊಂಡೇ ಮಲಗುತ್ತಿದ್ದೆ. ಫ್ಯಾನಿನ ಗಾಳಿ ಬಡಿದರೆ ಸಾಕು, ಕಾದ ಮರಳು ಸುರಿದಂತಾಗುತ್ತಿತ್ತು; ಸೀರೆಯ ಸೆರಗು ಮುಂಗೈಗೆ ತಾಗದಂತೆ ಪಿನ್ ಹಾಕಿ ಎಡಕ್ಕೆ ಎಳೆದುಕೊಳ್ಳುತ್ತಿದ್ದೆ.

ಇದು ಹೀಗಾಗುವುದಕ್ಕೆ ಕಾರಣ ಒಂದೇ ಅಲ್ಲ. ಪೆಟ್ಟು ಬಿದ್ದಾಗ ನರಗಳ ತುದಿಗಳು ಊತ ಮತ್ತು ಉರಿಯನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಸಾಮಾನ್ಯವಾಗಿ ಗಾಯ ಮಾಗಿದಂತೆ ನಿಲ್ಲಬೇಕಾದ ಆ ಕ್ರಿಯೆ ಇಲ್ಲಿ ಮುಂದುವರಿಯುತ್ತದೆ, ರಕ್ತನಾಳಗಳನ್ನೂ ಬೆವರನ್ನೂ ನಿಯಂತ್ರಿಸುವ ನರಗಳು ಹದ ತಪ್ಪುತ್ತವೆ, ಬೆನ್ನುಹುರಿ ಮತ್ತು ಮಿದುಳು ಬರಿಯ ಸ್ಪರ್ಶವನ್ನೂ ನೋವೆಂದೇ ಓದಲು ಆರಂಭಿಸುತ್ತವೆ. ಮಿದುಳಿನಲ್ಲಿ ಆ ಕೈಯ ಚಿತ್ರವೇ ಕಲಸಿಹೋಗುವುದುಂಟು: ಫೋಟೋದಲ್ಲಿರುವುದು ಎಡಗೈಯೋ ಬಲಗೈಯೋ ಎಂದು ಹೇಳಲು ನನಗೆ ವಿಚಿತ್ರವಾಗಿ ತಡವಾಗುತ್ತಿತ್ತು. ಹಾಗಾಗಿ ನೋವು ನಿಜ, ಆದರೆ ಅದು ಒಳಗೆ ಹೊಸದಾಗಿ ಏನೋ ಮುರಿಯುತ್ತಿದೆ ಎಂಬ ಸೂಚನೆಯಲ್ಲ. ಈ ಒಂದು ಮಾತನ್ನು ತಾಯಿಯವರಿಗೆ ಸಮಾಧಾನದಿಂದ ತಿಳಿಸಿ ಹೇಳಿ.

ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನೋವಿಗೆ ಹೆದರಿ ಕೈಯನ್ನು ಎದೆಗೆ ಒತ್ತಿಕೊಂಡು ಎರಡೂವರೆ ತಿಂಗಳು ಅಲ್ಲಾಡಿಸಲಿಲ್ಲ. ಬೆರಳುಗಳು ಸೆಟೆದುಕೊಂಡವು, ಚರ್ಮ ಹೊಳೆಯತೊಡಗಿತು, ಹಾಸಿಗೆ ಹಿಡಿದವರ ಕಾಲಿನಂತೆ ತೋಳು ಸೊರಗಿತು. ಬಳಕೆ ತಪ್ಪಿದ ಕೈಯ ಮೂಳೆ ಕೂಡ ಟೊಳ್ಳಾಗುತ್ತದೆ. ಕೊನೆಗೆ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲು ಹತ್ತಿ, ಆಮೇಲೆ ಮಲ್ಲು ಬಟ್ಟೆ, ಆಮೇಲೆ ಒರಟು ಟವೆಲಿನಿಂದ ದಿನಕ್ಕೆ ಹಲವು ಸಲ ಮೆಲ್ಲಗೆ ಸವರಿಸಿದರು. ಮೂರನೆಯ ವಾರ ಪಾತ್ರೆಯ ತುಂಬ ಅಕ್ಕಿ ಹಾಕಿ ಅದರೊಳಗೆ ಬೆರಳಾಡಿಸಲು ಹೇಳಿದಾಗ ಒಂದೊಂದು ಕಾಳೂ ಚುಚ್ಚಿತು. ಎರಡು ತಿಂಗಳಾಗುವಷ್ಟರಲ್ಲಿ ಅದೇ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಕನ್ನಡಿಯ ಹಿಂದೆ ನೋವಿನ ಕೈಯನ್ನಿಟ್ಟು, ಒಳ್ಳೆಯ ಕೈಯ ಪ್ರತಿಬಿಂಬವನ್ನು ನೋಡುತ್ತ ಎರಡನ್ನೂ ಆಡಿಸುವ ಅಭ್ಯಾಸವೂ ಇತ್ತು. ಔಷಧ ಯಾವುದು, ನರದ ಇಂಜೆಕ್ಷನ್ ಬೇಕೇ ಎಂಬುದು ವೈದ್ಯರ ತೀರ್ಮಾನ, ಆದರೆ ಔಷಧದ ಉದ್ದೇಶವೂ ಬಹುಮಟ್ಟಿಗೆ ಕೈಯನ್ನು ಬಳಸುವಷ್ಟು ನೋವು ತಗ್ಗಿಸುವುದೇ. ಬಲವಂತವಾಗಿ ಬೆರಳು ಮಡಚಿಸಿ ಉಜ್ಜುವವರ ಬಳಿಗೆ ಮಾತ್ರ ದಯವಿಟ್ಟು ಕರೆದೊಯ್ಯಬೇಡಿ.

ತಡಮಾಡದೆ ಮೂಳೆ ತಜ್ಞರನ್ನೋ ನೋವು ಚಿಕಿತ್ಸೆಯ ತಜ್ಞರನ್ನೋ ಕಾಣಿ. ಬೇಗ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆಯಂಥ ಬೇರೆ ಕಾರಣಗಳನ್ನು ತಳ್ಳಿಹಾಕಿ, ಸ್ಪರ್ಶದ ನೋವು, ಬಣ್ಣ ಮತ್ತು ಉಷ್ಣತೆಯ ವ್ಯತ್ಯಾಸ, ಊತ ಅಥವಾ ಬೆವರು, ಚಲನೆ ಹಾಗೂ ಕೂದಲು, ಉಗುರಿನ ಬದಲಾವಣೆಗಳನ್ನು ಬುಡಾಪೆಸ್ಟ್ ಮಾನದಂಡಗಳ (ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುವ ಲಕ್ಷಣಗಳ ಪಟ್ಟಿ) ಪ್ರಕಾರ ನೋಡಿ ನಿರ್ಣಯಿಸುತ್ತಾರೆ. ಈ ಲಕ್ಷಣಗಳು ಗಂಟೆಗೊಂದು ರೀತಿ ಇರುವುದರಿಂದ ವೈದ್ಯರ ಮುಂದೆ ಕೂತಾಗ ಕೈ ಸರಿಯಾಗಿಯೇ ಕಾಣಬಹುದು; ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು, ಬೆಳಿಗ್ಗೆ ಒಮ್ಮೆ, ಕೆಂಪೇರಿ ಊದಿಕೊಂಡಾಗ ಒಮ್ಮೆ ಫೋಟೋ ತೆಗೆದು ಜೊತೆಗೆ ಒಯ್ಯಿರಿ.